ಬಾರ್ಲಿ ಘಾಟಿ ದಾಟಿಸಿದ ಸೊಪ್ಪು

ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವವರು ಈಗ ನಮ್ಮ ಹಳ್ಳಿಗಳಲ್ಲೂ ಕಡಿಮೆಯಿಲ್ಲ. ಮನೆಯವರೆಲ್ಲ ಕೂತು ಉಣ್ಣುವ ದೃಶ್ಯ ಬಂದಾಗ ಒಮ್ಮೆ ಊಟದ ಮಣೆಯ ಮೇಲೆ ಕಣ್ಣಾಡಿಸಿ. ಅನ್ನದ ಬಟ್ಟಲು, ಸಾರಿನ ಬಟ್ಟಲು ಬಿಟ್ಟರೆ ಸುತ್ತ ಪುಟ್ಟ ಪುಟ್ಟ ಬಟ್ಟಲುಗಳು. ಅವುಗಳಲ್ಲಿ ಹಲವದರಲ್ಲಿ ಇರುವುದು ಸೊಪ್ಪು. ಬೇಯಿಸಿ, ಹಿಂಡಿ, ಎಳ್ಳೆಣ್ಣೆ ಹಾಕಿ ಕೈಯಲ್ಲೇ ಕಲಸಿದ ಸೊಪ್ಪು. ಅದಕ್ಕೆ ಅವರು ‘ನಾಮುಲ್’ ಅನ್ನುತ್ತಾರೆ. ಹೊಲದಲ್ಲಿ ನಿಂತ ಗಿಡಕ್ಕೂ ಅದೇ ಹೆಸರು, ಬಟ್ಟಲಿಗೆ ಬಂದ ಪಲ್ಯಕ್ಕೂ ಅದೇ ಹೆಸರು.

ಈ ನಾಮುಲ್‌ಗಳಲ್ಲಿ ದೊಡ್ಡ ಪಾಲು ಒಂದು ಕಾಲಕ್ಕೆ ಯಾರೂ ಬಿತ್ತಿದ್ದಲ್ಲ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಡ್ಡದ ನೆರಳಿನಲ್ಲಿ ತಾನಾಗಿ ಎದ್ದದ್ದು. ಇವತ್ತು ಸೋಲ್ ನಗರದ ಹೋಟೆಲುಗಳಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ, ಆರೋಗ್ಯಕ್ಕೆ ಒಳ್ಳೆಯದೆಂಬ ಹೆಸರೂ ಇದೆ. ಆದರೆ ಅದು ಊಟದ ಮಣೆಗೆ ಹತ್ತಿಬಂದ ದಾರಿ ಹಸಿವಿನದು. ಆ ದಾರಿಯ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಕೊರಿಯಾದ ಹಳಬರ ಬಾಯಲ್ಲಿ ‘ಬೊರಿಗೊಗೆ’ ಎಂಬ ಮಾತೊಂದಿದೆ. ಬೊರಿ ಅಂದರೆ ಬಾರ್ಲಿ, ನಮ್ಮ ಹಿರಿಯರ ಮಾತಿನಲ್ಲಿ ಜವೆಗೋದಿ. ಗೊಗೆ ಅಂದರೆ ಬೆಟ್ಟ ದಾಟುವ ದಾರಿ, ಅಂದರೆ ಘಾಟಿ. ನಕ್ಷೆಯಲ್ಲಿ ಹುಡುಕಿದರೆ ಈ ಬಾರ್ಲಿ ಘಾಟಿ ಸಿಗುವುದಿಲ್ಲ. ಅದು ವರ್ಷದ ಒಂದು ಹೊತ್ತಿನ ಹೆಸರು. ಅಕ್ಟೋಬರಿನಲ್ಲಿ ಕುಯ್ದ ಭತ್ತ ಚಳಿಗಾಲ ಮುಗಿಯುವಷ್ಟರಲ್ಲಿ ಖಾಲಿಯಾಗಿ ಕಣಜದ ತಳ ಕಾಣುತ್ತಿತ್ತು. ಚಳಿಗೆ ಮುಂಚೆ ಬಿತ್ತಿದ ಬಾರ್ಲಿ ಕೈಗೆ ಬರುವುದು ಜೂನ್ ಹೊತ್ತಿಗೆ. ನಡುವಿನ ಎರಡು ಮೂರು ತಿಂಗಳು ದಾಟುವುದೆಂದರೆ ಖಾಲಿ ಹೊಟ್ಟೆಯಲ್ಲಿ ಘಾಟಿ ಹತ್ತಿದ ಹಾಗೆ. ಎಲ್ಲರೂ ದಾಟುತ್ತಿರಲಿಲ್ಲ.

ಭತ್ತ ಬೇಗ ಮುಗಿಯುವುದಕ್ಕೆ ಕಾರಣ ಬರೀ ಮಳೆಯಲ್ಲ. 1392ರಿಂದ ಐದು ಶತಮಾನಕ್ಕೂ ಹೆಚ್ಚು ಕಾಲ ಆ ನಾಡನ್ನು ಆಳಿದ್ದು ಜೋಸನ್ ಮನೆತನ. ಆಗ ಭೂಮಿ ಇಲ್ಲದವರು ಅರೆಪಾಲಿಗೆ ಉಳುತ್ತಿದ್ದರು: ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ. ನಮ್ಮಲ್ಲಿ ಕೋರು ಅನ್ನುತ್ತಿದ್ದೆವಲ್ಲ, ಹಾಗೆ. ಸಾಲದ್ದಕ್ಕೆ ಸರ್ಕಾರಿ ಕಣಜದ ಸಾಲ. ವಸಂತದಲ್ಲಿ ಧಾನ್ಯ ಕೊಟ್ಟು, ಸುಗ್ಗಿಯಲ್ಲಿ ಹತ್ತಕ್ಕೆ ಒಂದರಂತೆ ಬಡ್ಡಿ ಸೇರಿಸಿ ವಾಪಸ್ ಪಡೆಯುವ ಏರ್ಪಾಡು. ಬಡವರ ಹಸಿವು ನೀಗಲೆಂದು ಶುರುವಾದದ್ದು 19ನೇ ಶತಮಾನದ ಹೊತ್ತಿಗೆ ಸುಲಿಗೆಯ ದಾರಿಯಾಯಿತು. ಬೇಡ ಅಂದವರಿಗೂ ಸಾಲ ಹೇರುವುದು, ಹೊಟ್ಟು ಬೆರೆಸಿ ಅಳೆಯುವುದು. 1862ರಲ್ಲಿ ಜಿಂಜು ಪ್ರದೇಶದಲ್ಲಿ ರೈತರು ದಂಗೆ ಎದ್ದದ್ದಕ್ಕೆ ಈ ಕಣಜದ ಲೆಕ್ಕವೂ ಒಂದು ಕಾರಣ.

ಇನ್ನು ಅಲ್ಲಿನ ಚಳಿ. ಮೂರು ನಾಲ್ಕು ತಿಂಗಳು ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ, ಹಸಿರು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಫೆಬ್ರವರಿ ಕಳೆದು ಮಣ್ಣು ಸಡಿಲವಾದಾಗ ಮೊದಲು ತಲೆ ಎತ್ತುವುದು ಈ ಕಾಡು ಸೊಪ್ಪುಗಳೇ. ಕಣಜ ಬರಿದಾದ ಹೊತ್ತಿಗೇ ಸರಿಯಾಗಿ ಅವು ಹುಟ್ಟುತ್ತವೆ. ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಹೊರಡುತ್ತಿದ್ದರು. ಕೈಯಲ್ಲಿ ‘ಹೊಮಿ’, ಅಂದರೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಒಂದು ಕೈಯ ಬಾಗಿದ ಗುದ್ದಲಿ.

ಮೊದಲು ಹೊಲದ ಸೊಪ್ಪು, ಆಮೇಲೆ ಬೆಟ್ಟದ್ದು. ನೇಂಗಿ ಸಾಸಿವೆಯ ಕುಲದ ಪುಟ್ಟ ಗಿಡ, ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡಿರುತ್ತದೆ. ಅದರ ಘಮ ಇರುವುದು ಬೇರಿನಲ್ಲಿ, ಹಾಗಾಗಿ ಬೇರು ಹರಿಯದ ಹಾಗೆ ಅಗೆಯಬೇಕು. ಹೂ ಬಿಟ್ಟಿತೋ, ಬೇರು ನಾರಾಯಿತು. ದಲ್ಲೆ ಕೂದಲಿನಷ್ಟು ತೆಳ್ಳನೆಯ ಈರುಳ್ಳಿ ಎಲೆಯಂತಿದ್ದು, ಬುಡದಲ್ಲಿ ಬಟಾಣಿ ಗಾತ್ರದ ಗಡ್ಡೆ ಇರುತ್ತದೆ. ಸುಂಬಾಗ್ವಿ ಕಹಿ. ಚಳಿಗಾಲವೆಲ್ಲ ಉಪ್ಪಿನ ತರಕಾರಿ ತಿಂದು ಜಡ್ಡುಗಟ್ಟಿದ ಬಾಯಿಗೆ ಆ ಕಹಿಯೇ ಬೇಕು ಅನ್ನುತ್ತಾರೆ. ಏಪ್ರಿಲಿಗೆ ದುರುಪ್ ಬರುತ್ತದೆ: ಮೈಯೆಲ್ಲ ಮುಳ್ಳಿನ ಒಂದು ಮರದ ತುದಿಯಲ್ಲಿ ಒಡೆಯುವ ದಪ್ಪ ಮೊಗ್ಗು. ಮೇ ಹೊತ್ತಿಗೆ ಬೆಟ್ಟದ ಮೇಲಿನ ಚ್ವಿ, ಗೊಂದ್ರೆ.

ಇವೆಲ್ಲಕ್ಕಿಂತ ಹಳೆಯದು ಸ್ಸುಕ್. ನಮ್ಮ ದವನ, ಮಾಚಿಪತ್ರೆಗಳ ಕುಲದ್ದೇ ಗಿಡ. ಎಲೆಯ ಅಡಿ ಬಿಳಿ ನವಿರು, ತಿಕ್ಕಿದರೆ ಅಂಥದ್ದೇ ವಾಸನೆ. ಕೊರಿಯಾದವರ ಮೂಲಪುರುಷನ ಕಥೆಯಲ್ಲೇ ಅದು ಇದೆ. ಇರ್ಯೊನ್ ಎಂಬ ಬೌದ್ಧ ಭಿಕ್ಷು 13ನೇ ಶತಮಾನದ ಕೊನೆಯಲ್ಲಿ ಬರೆದ ‘ಸಾಮ್‌ಗುಕ್ ಯುಸಾ’ ಗ್ರಂಥದಲ್ಲಿ ಬರುವ ಕಥೆ ಇದು. ಕರಡಿ, ಹುಲಿ ಎರಡೂ ಮನುಷ್ಯರಾಗಬೇಕೆಂದು ದೇವಪುತ್ರ ಹ್ವಾನುಂಗ್‌ನನ್ನು ಬೇಡಿದವು. ಅವನು ಒಂದು ಹಿಡಿ ಸ್ಸುಕ್, 20 ಬೆಳ್ಳುಳ್ಳಿ ಕೊಟ್ಟು, ಇದನ್ನಷ್ಟೇ ತಿಂದು ನೂರು ದಿನ ಬಿಸಿಲು ಕಾಣದೆ ಗುಹೆಯಲ್ಲಿರಿ ಅಂದ. ಹುಲಿ ತಾಳಲಾರದೆ ಓಡಿತು. ಕರಡಿ ತಾಳಿತು, ಹೆಂಗಸಾಯಿತು, ಅವಳ ಮಗನೇ ನಾಡು ಕಟ್ಟಿದ ದಾಂಗುನ್. ಗ್ರಂಥದಲ್ಲಿ ಬೆಳ್ಳುಳ್ಳಿ ಎಂದಿರುವುದು ನಾವು ತಿನ್ನುವ ಬೆಳ್ಳುಳ್ಳಿ ಆಗಿರಲಾರದು, ದಲ್ಲೆಯಂಥ ಯಾವುದೋ ಕಾಡುಗಡ್ಡೆ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ; ಊರ ಬೆಳ್ಳುಳ್ಳಿ ಅಲ್ಲಿಗೆ ಬಂದದ್ದು ತಡವಾಗಿ. ಹಾಗಿದ್ದರೆ ಕರಡಿ ತಿಂದದ್ದು ಎರಡೂ ವಸಂತದ ಕಾಡು ಸೊಪ್ಪೇ. ಮಾಂಸ ತಿನ್ನುವ ಹುಲಿ ಸೋತಿತು, ಸೊಪ್ಪು ತಿಂದು ಕತ್ತಲೆಯಲ್ಲಿ ದಿನ ನೂಕಿದ್ದು ಗೆದ್ದಿತು. ಹಸಿವು ಕಂಡ ಜನರೇ ಕಟ್ಟಬಲ್ಲ ಕಥೆ ಇದು ಅಂತ ನಮಗನ್ನಿಸುತ್ತದೆ.

ಈ ಸೊಪ್ಪಿನ ಎರಡು ಮುಖ ನೋಡಬೇಕೆಂದರೆ ಒಂದೇ ಮನೆಯ ಇಬ್ಬರನ್ನು ನೋಡಿದರೆ ಸಾಕು. ಅಪ್ಪ ಜೋಂಗ್ ಯಾಕ್‌ಯೊಂಗ್, ಮಗ ಜೋಂಗ್ ಹಾಕ್‌ಯು.

ಅಪ್ಪ ದೊಡ್ಡ ಪಂಡಿತ, ಆಡಳಿತಗಾರ. 1801ರಲ್ಲಿ ಕ್ಯಾಥೋಲಿಕರ ಮೇಲೆ ದಬ್ಬಾಳಿಕೆ ನಡೆದಾಗ ಅದರಲ್ಲಿ ಸಿಕ್ಕಿ ಗಡೀಪಾರಾದವರು, ತೆಂಕಣ ಕರಾವಳಿಯ ಗಾಂಗ್‌ಜಿನ್‌ನಲ್ಲಿ 1818ರವರೆಗೆ ಇದ್ದರು. 1809ರಲ್ಲಿ ಅಲ್ಲಿ ಭೀಕರ ಬರ. ಗುಡಿಸಲಿನ ಬಾಗಿಲಲ್ಲಿ ಕೂತು ಕಂಡದ್ದನ್ನು ಅವರು ಕೆಲವು ಕವಿತೆಗಳಲ್ಲಿ ಬರೆದಿಟ್ಟರು. ಅದರಲ್ಲೊಂದು ಸ್ಸುಕ್ ಜಾತಿಯ ಕಾಡುಗಿಡ ಕೀಳುವ ಹೆಂಗಸರದ್ದು. ಹೊಲದಲ್ಲಿ ಪೈರಿಲ್ಲ, ಬಾಣಲೆಗೆ ಹಾಕಲು ಆ ಗಿಡವಷ್ಟೇ ಉಳಿದಿದೆ, ಅದನ್ನೇ ಕಿತ್ತು ಗಂಜಿ ಕಾಯಿಸುತ್ತಾರೆ. ಅಧಿಕಾರಿಗಳು ನೋಡಲಿ ಎಂಬ ಸಿಟ್ಟು ಆ ಬರಹದಲ್ಲಿದೆ. ವರದಿಗಾರಿಕೆ ಕಲಿತ ನಮ್ಮಂಥವರಿಗೆ ಅದು ಬರಗಾಲದ ವರದಿಯ ಹಾಗೇ ಕಾಣುತ್ತದೆ: ಜಾಗ ಇದೆ, ವರ್ಷ ಇದೆ, ಯಾರು ಏನು ತಿಂದರು ಎಂಬುದಿದೆ.

ಮಗ ಹಾಕ್‌ಯು ಬರೆದದ್ದು ‘ನೋಂಗ್ಗಾ ವೊಲ್ಯೊಂಗ್ಗಾ’, ರೈತರಿಗೆ ತಿಂಗಳ ಲೆಕ್ಕದಲ್ಲಿ ಕೆಲಸ ಹೇಳುವ ಹಾಡು, ಜನರ ಲಿಪಿಯಾದ ಹಂಗುಲ್‌ನಲ್ಲಿ. ಎರಡನೇ ತಿಂಗಳಿಗೆ ಬಂದಾಗ ಅವನು ಅದೇ ಸೊಪ್ಪುಗಳ ಹೆಸರು ಹೇಳುತ್ತಾನೆ. ಬೆಟ್ಟದ ಸೊಪ್ಪಿಗೆ ಇನ್ನೂ ಹೊತ್ತಿದೆ, ಹೊಲದ್ದನ್ನು ಅಗೆಯಿರಿ. ದಲ್ಲೆಯ ಕಿಮ್ಚಿ, ನೇಂಗಿಯ ಸಾರು ಕೆಟ್ಟ ಬಾಯಿಗೆ ರುಚಿ ತರುತ್ತದೆ ಎಂಬರ್ಥದ ಮಾತು. ಅಪ್ಪನಿಗೆ ಬರದ ಗುರುತಾದದ್ದು ಮಗನಿಗೆ ವಸಂತದ ರುಚಿ. ಇಬ್ಬರದ್ದೂ ಸುಳ್ಳಲ್ಲ. ಕಣಜದಲ್ಲಿ ನಾಲ್ಕು ಸೇರು ಇದ್ದ ವರ್ಷ ನೇಂಗಿ ಅನ್ನದ ಜೊತೆಗಿನ ಸಾರು. ಇಲ್ಲದ ವರ್ಷ ಅದೇ ಅನ್ನ.

ಹಸಿದವರು ಏನು ತಿನ್ನಬೇಕೆಂದು ಸರ್ಕಾರವೇ ಪುಸ್ತಕ ಮಾಡಿ ಹಂಚಿದ್ದೂ ಇದೆ. 1554ರಲ್ಲಿ ಬಂದ ‘ಗುಹ್ವಾಂಗ್ ಚ್ವಾರ್ಯೊ’ ಬರಗಾಲದ ಕೈಪಿಡಿ. ಚೀನೀ ಲಿಪಿ ಬಾರದವರಿಗೂ ತಿಳಿಯಲೆಂದು ಹಂಗುಲ್‌ನಲ್ಲೂ ಅದರ ಅರ್ಥ ಕೊಟ್ಟಿದ್ದರು. ಹಸಿವಿನಿಂದ ಸಾಯುವಂತಾದವರನ್ನು ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕು, ಪೈನ್ ಮರದ ಸೂಜಿ ಎಲೆಯನ್ನು ಹೇಗೆ ಪುಡಿ ಮಾಡಿ ತಿನ್ನಬೇಕು, ತೊಗಟೆಯನ್ನು ಹೇಗೆ ಹದ ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ವಿಚಿತ್ರವೆಂದರೆ, ಹಡಗು ಕಟ್ಟಲು, ಅರಮನೆ ಕಟ್ಟಲು ಬೇಕೆಂದು ಪೈನ್ ಮರ ಕಡಿಯುವುದನ್ನು ನಿಷೇಧಿಸಿದ್ದೂ ಅದೇ ಸರ್ಕಾರ. ತೊಗಟೆಯ ಒಳಪದರ ತಿಂದವರಿಗೆ ವಿಪರೀತ ಮಲಬದ್ಧತೆ. ಕಡುಬಡತನಕ್ಕೆ ‘ಮುಕುಳಿ ಹರಿಯುವ ಬಡತನ’ ಅನ್ನುವ ಮಾತು ಕೊರಿಯನ್ನಿನಲ್ಲಿ ಇವತ್ತಿಗೂ ಇದೆ, ಅದು ಹುಟ್ಟಿದ್ದು ಈ ತೊಗಟೆಯಿಂದಲೇ ಎಂದು ಜನ ಹೇಳುತ್ತಾರೆ. ಮಾತು ಒರಟು, ಆದರೆ ತಿಂದವರಾಡಿದ ಮಾತು.

ಕಾಡಿನ ಸೊಪ್ಪು ಯಾರದು ಅನ್ನುವ ಪ್ರಶ್ನೆಯೂ ಹಳೆಯದೇ. ಚೀನಾದ ಪುರಾತನ ಕಥೆಯೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು ಹೊಸ ರಾಜನ ಧಾನ್ಯ ಮುಟ್ಟುವುದಿಲ್ಲವೆಂದು ಬೆಟ್ಟ ಸೇರಿ, ಜರಿಗಿಡದ ಚಿಗುರು ತಿಂದು, ಕೊನೆಗೆ ಹಸಿವಿನಿಂದ ಸತ್ತರು. ನಿಷ್ಠೆ ಅಂದರೆ ಹೀಗಿರಬೇಕು ಎಂದು ಪಂಡಿತರು ಶತಮಾನಗಳಿಂದ ಹೊಗಳುತ್ತ ಬಂದಿದ್ದರು. ಕೊರಿಯಾದ ಸೋಂಗ್ ಸಾಮ್‌ಮುನ್ ಮಾತ್ರ ಹೊಗಳಲಿಲ್ಲ. ಗಾದಿ ಕಸಿದುಕೊಂಡ ಸೇಜೋ ದೊರೆಯ ವಿರುದ್ಧ ಸಂಚು ಹೂಡಿ 1456ರಲ್ಲಿ ಕೊಲ್ಲಲ್ಪಟ್ಟ ಮಂತ್ರಿ ಅವನು. ಅವನ ಹೆಸರಿನಲ್ಲಿರುವ ಒಂದು ಪುಟ್ಟ ಪದ್ಯ ಆ ಅಣ್ಣತಮ್ಮಂದಿರನ್ನೇ ಕೇಳುತ್ತದೆ: ಜರಿಗಿಡ ತಾನಾಗಿ ಹುಟ್ಟಿದ್ದೇ ಇರಬಹುದು, ಹುಟ್ಟಿದ್ದು ಯಾರ ನೆಲದಲ್ಲಿ? ರಾಜನಿಷ್ಠೆಯ ಹಟದ ಮಾತು ಅದು. ಆದರೂ ಬುಟ್ಟಿ ಹಿಡಿದು ಹೋದ ಬಡ ಹೆಂಗಸರಿಗೆ ಈ ಪ್ರಶ್ನೆ ಎಂದೂ ತಪ್ಪಲಿಲ್ಲ, ಇವತ್ತಿಗೂ ತಪ್ಪಿಲ್ಲ. ಅದಕ್ಕೆ ಮುಂದೆ ಬರುತ್ತೇವೆ.

ಆ ಜರಿಗಿಡದ ಹೆಸರು ಗೊಸಾರಿ. ಕೊಡಗಿನವರಿಗೆ ತೆರ್ಮೆ ಗೊತ್ತಿರುವುದರಿಂದ ಜರಿಗಿಡ ತಿನ್ನುವುದು ಆಶ್ಚರ್ಯವಲ್ಲ; ಆದರೆ ಗೊಸಾರಿ ಬೇರೆ ಜಾತಿ, ವಿಷವಿರುವ ಜಾತಿ. ಹಸಿಯಾಗಿ ಮೇಯ್ದ ದನ ಕಾಯಿಲೆ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಕೊರಿಯಾದ ಅಜ್ಜಿಯರಿಗೆ ಆ ಪಟ್ಟಿ ಗೊತ್ತಿರಲಿಲ್ಲ, ಮಾಡುವ ವಿಧಾನ ಗೊತ್ತಿತ್ತು. ಮುಷ್ಟಿ ಬಿಗಿದ ಹಾಗೆ ಸುರುಳಿ ಇರುವಾಗಲೇ ಮುರಿಯಬೇಕು. ಕುದಿಸಿ ನೀರು ಚೆಲ್ಲಬೇಕು, ಬಿಸಿಲಲ್ಲಿ ಒಣಗಿಸಬೇಕು. ಬೇಕಾದಾಗ ಮತ್ತೆ ನೆನೆಸಿ, ಮತ್ತೆ ಕುದಿಸಿ, ಆ ನೀರನ್ನೂ ಚೆಲ್ಲಿ ತೊಳೆಯಬೇಕು. ವಿಷದ ಬಹುಪಾಲು ಹೋಗುವುದು ಈ ಬಿಸಿನೀರಿನ ಜೊತೆಗೇ ಎಂದು ಪ್ರಯೋಗಾಲಯಗಳು ಕಂಡುಕೊಂಡದ್ದು ಬಹಳ ಆಮೇಲೆ.

ನಾಮುಲ್‌ನ ನಿಜವಾದ ವಿದ್ಯೆ ಇರುವುದು ಇಂಥ ಕಡೆಯಲ್ಲಿ, ಮಸಾಲೆಯಲ್ಲಲ್ಲ. ಗೊಮ್‌ಚ್ವಿ ಅನ್ನುವ ಅಗಲ ಎಲೆಯ ಒಳ್ಳೆಯ ಸೊಪ್ಪಿದೆ. ಅದರ ಹಾಗೇ ಕಾಣುವ ದೊಂಗೈ ನಾಮುಲ್‌ಗೆ ಹೆಸರಿನಲ್ಲಿ ನಾಮುಲ್ ಇದ್ದರೂ ಅದು ವಿಷ. ಕಾಡುಬೆಳ್ಳುಳ್ಳಿಯ ಎಲೆಯಂತೆಯೇ ಕಾಣುವ ಬಾಕ್‌ಸೆ ತಿಂದು ಆಸ್ಪತ್ರೆ ಸೇರುವವರು ಪ್ರತಿ ವಸಂತದಲ್ಲೂ ಇದ್ದಾರೆ. ಎಲೆ ಮುರಿದು ಮೂಸಿದರೆ ಬೆಳ್ಳುಳ್ಳಿ ವಾಸನೆ ಬಂದರಷ್ಟೇ ಬುಟ್ಟಿಗೆ. ವೊನ್ಚುರಿಯ ಎಳೆ ಚಿಗುರನ್ನು ಕುದಿಸಿ ತಿನ್ನಬಹುದು, ಬಲಿತರೆ ಹೊಟ್ಟೆ ಕೆಡಿಸುತ್ತದೆ. ಗಿಡ ಒಂದೇ, ಹದಿನೈದು ದಿನದ ಅಂತರದಲ್ಲಿ ಊಟ, ವಿಷ ಎರಡೂ. ಇದನ್ನು ತಾಯಿ ಮಗಳಿಗೆ, ಅತ್ತೆ ಸೊಸೆಗೆ ಗುಡ್ಡದ ಮೇಲೆಯೇ ತೋರಿಸಿ ಕಲಿಸಬೇಕಿತ್ತು. ತೊಂಬತ್ತೊಂಬತ್ತು ನಾಮುಲ್‌ಗಳ ಹೆಸರು ಹಾಡಿನಲ್ಲಿ ಹೇಳಬಲ್ಲವಳು ಮೂರು ವರ್ಷದ ಬರವನ್ನೂ ಗೆಲ್ಲುತ್ತಾಳೆ ಎಂಬರ್ಥದ ಹಳೆಯ ಗಾದೆ ಅಲ್ಲಿದೆ. ಹೆಸರು ನೆನಪಿಡಲೆಂದೇ ಕಟ್ಟಿದ ಸೊಪ್ಪಿನ ಹಾಡುಗಳೂ ಇವೆ. ಹಾಡಿದವರು ಹೆಂಗಸರು, ಹಾಗಾಗಿ ಕಟ್ಟಿದವರ ಹೆಸರು ಎಲ್ಲೂ ಇಲ್ಲ.

ಅಡುಗೆ ಕಷ್ಟವಿಲ್ಲ. ಉಪ್ಪು ಹಾಕಿದ ಕುದಿನೀರಿನಲ್ಲಿ ಸೊಪ್ಪನ್ನು ಒಂದೆರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಹಿಂಡಿ, ಸೋಯಾ ಸಾಸ್ ಅಥವಾ ‘ದ್ವೆಂಜಾಂಗ್’ ಎಂಬ ಹುಳಿ ಬರಿಸಿದ ಸೋಯಾ ಕಾಳಿನ ಹಿಟ್ಟು, ಜಜ್ಜಿದ ಬೆಳ್ಳುಳ್ಳಿ, ಹುರಿದ ಎಳ್ಳು, ಎಳ್ಳೆಣ್ಣೆ ಹಾಕಿ ಕೈಯಲ್ಲಿ ಕಲಸುವುದು. ಎಷ್ಟು ಹಿಂಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕಡಿಮೆಯಾದರೆ ನೀರು ಬಿಡುತ್ತದೆ, ಹೆಚ್ಚಾದರೆ ಹುಲ್ಲು. ನೇಂಗಿಯನ್ನು ದ್ವೆಂಜಾಂಗ್ ಸಾರಿಗೆ ಹಾಕುತ್ತಾರೆ, ಸ್ಸುಕ್ ಎಲೆಗೆ ಅಕ್ಕಿಹಿಟ್ಟು ಉದುರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಈ ಹಬೆಯ ತಿಂಡಿಯೂ ಹಿಟ್ಟು ಕಡಿಮೆ ಇದ್ದ ದಿನಗಳ ಉಪಾಯವೇ. ಎಲೆ ಬುಟ್ಟಿ ತುಂಬ, ಹಿಟ್ಟು ಹಿಡಿಯಷ್ಟು.

ಬೌದ್ಧ ವಿಹಾರಗಳಲ್ಲಿ ಮಾತ್ರ ಬೆಳ್ಳುಳ್ಳಿ ಇಲ್ಲ, ದಲ್ಲೆಯೂ ಇಲ್ಲ. ಬೌದ್ಧ ಧರ್ಮ ಕೊರಿಯಾಕ್ಕೆ ಬಂದದ್ದು ಕ್ರಿ.ಶ. 372ರಲ್ಲಿ, ಚೀನಾದ ಮೂಲಕ. ಜೊತೆಗೆ ಐದು ಘಾಟು ಪದಾರ್ಥ ಭಿಕ್ಷುಗಳಿಗೆ ವರ್ಜ್ಯ ಎಂಬ ನಿಯಮವೂ ಬಂತು. ಆ ಐದರಲ್ಲಿ ಒಂದರ ಹೆಸರು ‘ಹುಂಗ್‌ಗೊ’. ಅದು ಬೇರೇನೂ ಅಲ್ಲ, ಸಂಸ್ಕೃತದ ಹಿಂಗು, ನಮ್ಮ ಸಾರಿನ ಇಂಗು! ಇಂಗು ಕೊರಿಯಾದಲ್ಲಿ ಬೆಳೆಯುವುದೇ ಇಲ್ಲ. ಅಲ್ಲಿನ ಭಿಕ್ಷುಗಳು ಕಾಣದ ಪದಾರ್ಥವನ್ನೂ ಭಕ್ತಿಯಿಂದ ಬಿಟ್ಟರು. ಬೆಟ್ಟದ ನಡುವಿನ ವಿಹಾರಗಳಲ್ಲಿ ಮಾಂಸವಿಲ್ಲದ ಊಟ ಬೆಳೆದದ್ದು ಸುತ್ತಲಿನ ಈ ಸೊಪ್ಪನ್ನು ನಂಬಿಯೇ.

ಹಬ್ಬಕ್ಕೂ ಸೊಪ್ಪು ಬೇಕು. ವರ್ಷದ ಮೊದಲ ಹುಣ್ಣಿಮೆಯಲ್ಲಿ ಹಿಂದಿನ ವರ್ಷ ಒಣಗಿಸಿಟ್ಟ ಸೊಪ್ಪನ್ನು ನೆನೆಸಿ ಬೇಯಿಸುತ್ತಾರೆ. ಹಾಗೆ ತಿಂದರೆ ಬೇಸಿಗೆಯ ಝಳ ತಟ್ಟುವುದಿಲ್ಲ ಎಂಬ ನಂಬಿಕೆಯನ್ನು 1849ರ ‘ದೊಂಗುಕ್ ಸೆಸಿಗಿ’ ಎಂಬ ಹಬ್ಬಗಳ ಗ್ರಂಥ ದಾಖಲಿಸಿದೆ. ಹಿರಿಯರಿಗೆ ಎಡೆ ಇಡುವಾಗ ಮೂರು ಬಣ್ಣದ ನಾಮುಲ್ ಇರಬೇಕು: ಬಿಳಿ ದೊರಾಜಿ ಬೇರು, ಕಂದು ಗೊಸಾರಿ ಕಾಂಡ, ಹಸಿರು ಪಾಲಕ್ ಎಲೆ. ಬೇರು ಪೂರ್ವಜರು, ಕಾಂಡ ತಂದೆತಾಯಿ, ಎಲೆ ನಾವು ಎಂದು ಅರ್ಥ ಹೇಳುವವರಿದ್ದಾರೆ.

ಸೊಪ್ಪು ಜೀವ ಉಳಿಸಿತು ಅನ್ನುವುದು ಹೆಸರಿನಲ್ಲೇ ಉಳಿದಿರುವ ಜಾಗವೊಂದಿದೆ. ಪೂರ್ವ ಸಮುದ್ರದ ನಡುವೆ ಉಲ್ಲುಂಗ್ ಎಂಬ ದ್ವೀಪ. ಶತಮಾನಗಳ ಕಾಲ ಅಲ್ಲಿ ಯಾರೂ ನೆಲೆಸಬಾರದು ಎಂಬ ಕಟ್ಟಳೆ ಇತ್ತು. 1882ರಲ್ಲಿ ಗೊಜೊಂಗ್ ದೊರೆ ಅದನ್ನು ತೆಗೆದ, ಮರುವರ್ಷ 16 ಮನೆಯ 54 ಜನ ಹೋಗಿ ಇಳಿದರು. ಚಳಿಗಾಲದಲ್ಲಿ ತಂದ ಧಾನ್ಯ ಮುಗಿಯಿತು, ಹೊರಗೆ ಆಳೆತ್ತರ ಹಿಮ. ಹಿಮ ಬಗೆದರೆ ಕೆಳಗೆ ಕಾಡುಬೆಳ್ಳುಳ್ಳಿಯ ಚಿಗುರು. ಅದನ್ನೇ ತಿಂದು ಬದುಕಿಕೊಂಡರಂತೆ. ‘ಮ್ಯೊಂಗ್’ ಅಂದರೆ ಜೀವ, ಆಯುಷ್ಯ. ಹಾಗಾಗಿ ಆ ಸೊಪ್ಪಿಗೆ ಮ್ಯೊಂಗಿ ಎಂದೇ ಹೆಸರಾಯಿತು ಎನ್ನುತ್ತಾರೆ ದ್ವೀಪದವರು. ಇವತ್ತು ಅದರ ಎಲೆಯನ್ನು ಸೋಯಾ ಸಾಸ್‌ನಲ್ಲಿ ನೆನೆಹಾಕಿ, ಸುಟ್ಟ ಹಂದಿ ಮಾಂಸ ಸುತ್ತಿ ತಿನ್ನುತ್ತಾರೆ. ದುಬಾರಿ ಸರಕು. ವಸಂತದಲ್ಲಿ ಕೆಲವೇ ವಾರ, ಪರವಾನಗಿ ಪಡೆದ ದ್ವೀಪದವರಷ್ಟೇ ಕೀಳಬಹುದು. ಕಡಿದಾದ ಬಂಡೆಗಳ ಮೇಲೆ ಅದನ್ನು ಕೀಳಲು ಹೋಗಿ ಬಿದ್ದು ಸತ್ತವರಿದ್ದಾರೆ. ಜೀವ ಉಳಿಸಿದ ಸೊಪ್ಪಿನ ಮೇಲೆ ಬೆಲೆ ಬಂದಾಗ ಜೀವ ಹೋಗುವುದೂ ಶುರುವಾಯಿತು.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಜಪಾನಿನ ನಗರಗಳಿಗೆ ಅಕ್ಕಿ ಬೇಕಿತ್ತು, 1920ರಿಂದ ಕೊರಿಯಾದಲ್ಲಿ ಅಕ್ಕಿ ಹೆಚ್ಚಿಸುವ ಯೋಜನೆ ನಡೆಯಿತು. ಬೆಳೆ ಹೆಚ್ಚಿತು, ಬೆಳೆದವರ ತಟ್ಟೆಯಲ್ಲಿ ಅಕ್ಕಿ ಕಡಿಮೆಯಾಯಿತು. ಹಡಗು ಹತ್ತಿದ್ದು ಬೆಳೆ ಹೆಚ್ಚಿದ್ದಕ್ಕಿಂತ ಜಾಸ್ತಿ. ವಸಂತದಲ್ಲಿ ಹಸಿದಿರುವ ಕುಟುಂಬಗಳಿಗೆ ಆಡಳಿತದ ಕಡತಗಳಲ್ಲಿ ಒಂದು ಪ್ರತ್ಯೇಕ ಹೆಸರೇ ಇತ್ತು, ‘ವಸಂತದ ಬಡವರು’ ಎಂದು. ಕಡತಕ್ಕೆ ಹೆಸರು ಬಂತು, ಗೇಣಿ ಇಳಿಯಲಿಲ್ಲ.

ಆ ಕಾಲದ ಒಂದು ಗಿಡ ಸಾಹಿತ್ಯದಲ್ಲಿ ಉಳಿದಿದೆ. ಪಾರ್ಕ್ ವಾನ್‌ಸೊ 1931ರಲ್ಲಿ ಹುಟ್ಟಿದ ದೊಡ್ಡ ಕಾದಂಬರಿಕಾರ್ತಿ. ಅವರ ಆತ್ಮಕಥೆಯಂಥ ಕಾದಂಬರಿ 1992ರಲ್ಲಿ ಬಂತು. ‘ಅಷ್ಟೊಂದು ಸಿಂಗಾವನ್ನೆಲ್ಲ ಯಾರು ತಿಂದರು?’ ಎಂಬುದು ಅದರ ಹೆಸರಿನ ಅರ್ಥ. ಸಿಂಗಾ ಅಂದರೆ ಹುಳಿ ದಂಟಿನ ಒಂದು ಕಾಡುಗಿಡ. ಸಿಪ್ಪೆ ಸುಲಿದು ಮಕ್ಕಳು ಜಗಿಯುತ್ತಿದ್ದರು. ಗೇಸೊಂಗ್ ಬಳಿಯ ಹಳ್ಳಿಯಿಂದ ಓದಿಗೆಂದು ಸೋಲ್‌ಗೆ ಬಂದ ಹುಡುಗಿ, ಬೇರೆ ಮಕ್ಕಳ ಜೊತೆ ಅಕೇಶಿಯಾ ಹೂ ತಿಂದು ವಾಕರಿಕೆ ಬಂದಾಗ, ಬಾಯಿಗೆ ಸಿಂಗಾ ಬೇಕೆನಿಸಿ ಗುಡ್ಡವೆಲ್ಲ ಹುಡುಕುತ್ತಾಳೆ. ಒಂದೂ ಇಲ್ಲ. ಊರು ಬಿಟ್ಟ ನಮ್ಮ ಕಡೆಯ ಎಷ್ಟು ಜನಕ್ಕೆ ಇದು ಅರ್ಥವಾಗುತ್ತದೋ!

1950ರಲ್ಲಿ ಯುದ್ಧ. ಮುಗಿದ ಮೇಲೆ ಸೆರೆಯಾಳುಗಳ ವಿಚಾರಣೆಗೆ ಹೋದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಹೋದ ನಾಡಿನ ಗುಡ್ಡಗಳು ಆಗ ಬೋಳಾಗಿದ್ದವು. ಮರ ಸೌದೆಗೆ ಹೋಗಿತ್ತು, ಹೊಲ ಗುಂಡಿಗೆ ಹಾಳಾಗಿತ್ತು. ಬಾರ್ಲಿ ಘಾಟಿ 1960ರ ದಶಕದವರೆಗೂ ಹಾಗೇ ಇತ್ತು.

ಅದನ್ನು ಕೊನೆಗೆ ನೆಲಸಮ ಮಾಡಿದ್ದರಲ್ಲಿ ನಮ್ಮ ರೈತರಿಗೂ ಪರಿಚಯದ ಒಂದು ತಳಿಯ ಪಾಲಿದೆ. ಐಆರ್-8! 1960ರ ದಶಕದ ಕೊನೆಯಲ್ಲಿ ನಮ್ಮ ಗದ್ದೆಗಳಿಗೂ ಬಂದಿತ್ತಲ್ಲ, ಅದೇ ಗಿಡ್ಡ ಭತ್ತ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೊರಿಯಾದ ವಿಜ್ಞಾನಿ ಹೊ ಮುನ್‌ಹ್ವೆ ಅದನ್ನು ಇನ್ನೆರಡು ತಳಿಗಳ ಮಿಶ್ರಣದ ಜೊತೆ ಕೂಡಿಸಿ ಹೊಸ ತಳಿ ಮಾಡಿದರು. ಹೆಸರು ‘ತೊಂಗಿಲ್’, ಅಂದರೆ ಏಕೀಕರಣ. 1972ರಿಂದ ಸರ್ಕಾರ ಅದನ್ನು ಹಳ್ಳಿ ಹಳ್ಳಿಗೆ ಒತ್ತಾಯದಿಂದಲೇ ಹಂಚಿತು. ರುಚಿ ಚೆನ್ನಾಗಿಲ್ಲ ಅಂದರು ಜನ, ಚಳಿ ತಡೆಯುವುದಿಲ್ಲ ಅಂದರು ರೈತರು. 1980ರ ಚಳಿಗೆ ಬೆಳೆ ನೆಲಕಚ್ಚಿತು, ಆಮೇಲೆ ತಳಿಯೇ ಮರೆಯಾಯಿತು. ಆದರೆ ಅಷ್ಟರಲ್ಲಿ ಕೆಲಸ ಆಗಿತ್ತು. 1977ರಲ್ಲಿ ದಕ್ಷಿಣ ಕೊರಿಯಾ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು. 1973ರಲ್ಲಿ ಶುರುವಾದ ಹತ್ತು ವರ್ಷದ ಅರಣ್ಯ ಯೋಜನೆ ಆರೇ ವರ್ಷದಲ್ಲಿ ಗುರಿ ಮುಟ್ಟಿತು. ಒಲೆಗೆ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆ ಬಂತು. ಬೋಳುಗುಡ್ಡ ಕಾಡಾಯಿತು.

ಸೊಪ್ಪಿನ ಬೆಲೆ ತಿರುಗಿದ್ದು ಇದಾದ ಮೇಲೆ. ಗಾಂಗ್‌ವನ್ ಪ್ರಾಂತ್ಯದ ಜೋಂಗ್‌ಸನ್ ಬೆಟ್ಟಗಳಲ್ಲಿ ಗೊಂದ್ರೆ ಬೆಳೆಯುತ್ತದೆ. ಅಲ್ಲಿನ ಹೆಸರಾಂತ ಆರಿರಾಂಗ್ ಹಾಡುಗಳಲ್ಲೂ ಅದು ಬರುತ್ತದೆ, ಬರದ ವರ್ಷ ನೀಗಿಸುವ ಸೊಪ್ಪಾಗಿ. ಒಂದು ಹಿಡಿ ಧಾನ್ಯಕ್ಕೆ ಪಾತ್ರೆ ತುಂಬ ಗೊಂದ್ರೆ ಹಾಕಿ ಬೇಯಿಸಿದ ಗಂಜಿ. ಈಗ ಪ್ರಮಾಣ ತಲೆಕೆಳಗಾಗಿದೆ: ಪಾತ್ರೆ ತುಂಬ ಬಿಳಿ ಅನ್ನ, ಮೇಲೆ ಎಳ್ಳೆಣ್ಣೆಯಲ್ಲಿ ಬಾಡಿಸಿದ ಗೊಂದ್ರೆ. ಅದನ್ನು ಉಣ್ಣಲು ಸೋಲ್‌ನಿಂದ ಕಾರು ಮಾಡಿಕೊಂಡು ಬರುತ್ತಾರೆ. ಹಸಿವಿನ ಕಾಲದಲ್ಲಿ ಹೊಟ್ಟೆ ತುಂಬ ಬಾರ್ಲಿ, ಸೊಪ್ಪು ತಿಂದ ಹಳಬರಲ್ಲಿ ಕೆಲವರು ಮಾತ್ರ ಆ ಊಟದ ಹತ್ತಿರ ಬರುವುದಿಲ್ಲ. ಸಾಕಾಗಿದೆ ಅನ್ನುತ್ತಾರೆ.

ಉತ್ತರದಲ್ಲಿ ಕಥೆ ಬೇರೆ. 1990ರ ದಶಕದ ನಡುವೆ ಉತ್ತರ ಕೊರಿಯಾದಲ್ಲಿ ಪಡಿತರ ಕುಸಿದು, 1995ರ ಪ್ರವಾಹವೂ ಸೇರಿ ಲಕ್ಷಾಂತರ ಜನ ಸತ್ತರು. ಆಗ ಮತ್ತೆ ಹುಲ್ಲು, ಬೇರು, ತೊಗಟೆ. ಹುಲ್ಲು ಬೆರೆಸಿದ ನೂಡಲ್‌ಗೆ ‘ಪರ್ಯಾಯ ಆಹಾರ’ ಎಂಬ ಹೆಸರು. ಗಡಿಯ ಒಂದು ಕಡೆ ಸ್ಸುಕ್ ಸೊಪ್ಪು ಆರೋಗ್ಯದ ಅಂಗಡಿ ಸೇರಿದ ಹೊತ್ತಿನಲ್ಲೇ ಇನ್ನೊಂದು ಕಡೆ ಅದು 1809ರ ಗಾಂಗ್‌ಜಿನ್‌ನ ಬಾಣಲೆಗೆ ವಾಪಸ್ ಬಂದಿತ್ತು.

ಇನ್ನು ಸೋಂಗ್ ಸಾಮ್‌ಮುನ್‌ನ ಪ್ರಶ್ನೆ. ಇವತ್ತಿನ ದಕ್ಷಿಣ ಕೊರಿಯಾದಲ್ಲಿ ಅದಕ್ಕೆ ಉತ್ತರ ಕಾನೂನಿನಲ್ಲಿದೆ. ಮಾಲೀಕರ ಒಪ್ಪಿಗೆ ಇಲ್ಲದೆ ಕಾಡಿನಿಂದ ಸೊಪ್ಪು, ಅಣಬೆ ಏನು ತಂದರೂ ಕಳವು. ಐದು ವರ್ಷದವರೆಗೆ ಜೈಲು, ಇಲ್ಲವೇ ಐದು ಕೋಟಿ ವನ್‌ವರೆಗೆ ದಂಡ. ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಪ್ರತಿ ವಸಂತದಲ್ಲೂ ಅರಣ್ಯ ಇಲಾಖೆ ಕಾವಲು ಬಿಗಿ ಮಾಡುತ್ತದೆ. ಬಸ್ಸು ಮಾಡಿಕೊಂಡು ಬಂದು ಚೀಲಗಟ್ಟಲೆ ಕೀಳುವ, ದುರುಪ್ ಮರವನ್ನೇ ಕಡಿದುಹಾಕುವ ಗುಂಪುಗಳಿವೆ, ಅವರನ್ನು ತಡೆಯಲೇಬೇಕು. ಆದರೆ ಅದೇ ಕಾನೂನು ನಲವತ್ತು ವರ್ಷದಿಂದ ಅದೇ ಗುಡ್ಡಕ್ಕೆ ಹೋಗುತ್ತಿದ್ದ ಅಜ್ಜಿಯ ಬುಟ್ಟಿಯ ಮೇಲೂ ಬೀಳುತ್ತದೆ. ಸರ್ಕಾರಿ ಕಾಡನ್ನು ಬೆಂಕಿಯಿಂದ ಕಾಯುವ ಹೊಣೆ ಹೊತ್ತ ಹಳ್ಳಿಗಳಿಗೆ ಅಲ್ಲಿನ ಸೊಪ್ಪು, ಅಣಬೆಯ ಹಕ್ಕು ಕೊಡುವ ಏರ್ಪಾಡು ಒಂದಿದೆ. ನಮ್ಮ ಗ್ರಾಮ ಅರಣ್ಯ ಸಮಿತಿಗಳಂತೆಯೇ. ನಮಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ. ಬೇಲಿ ಹಾಕಿದರೆ ಕಾಡು ಉಳಿಯಬಹುದು, ಯಾವ ಎಲೆ ಊಟ, ಯಾವುದು ವಿಷ ಅನ್ನುವ ತಿಳಿವಳಿಕೆ ಬೇಲಿಯ ಆಚೆಯೇ ಸಾಯುತ್ತದೆ.

ಪೇಟೆಯಲ್ಲಿ ಸೊಪ್ಪಿಗೆ ಕೊರತೆಯಿಲ್ಲ. ನೇಂಗಿ, ದಲ್ಲೆ, ಚ್ವಿ ಎಲ್ಲವನ್ನೂ ಈಗ ಪ್ಲಾಸ್ಟಿಕ್ ಮನೆಗಳಲ್ಲಿ ಬೆಳೆಯುತ್ತಾರೆ. ದುರುಪ್ ಕೊಂಬೆ ತುಂಡುಗಳನ್ನು ಚಳಿಗಾಲದಲ್ಲೇ ಬೆಚ್ಚಗಿನ ಕೋಣೆಯಲ್ಲಿ ನೀರಿಗಿಟ್ಟು ಮೊಗ್ಗೊಡೆಸುತ್ತಾರೆ. ಸಿಕ್ಕುತ್ತದೆ, ಘಮ ಕಡಿಮೆ ಎಂದು ದೂರು.

ಕಾಡಿನದ್ದೇ ಬೇಕು ಅನ್ನುವವರು ಏಪ್ರಿಲಿನಲ್ಲಿ ಜೇಜು ದ್ವೀಪಕ್ಕೆ ಹೋಗುತ್ತಾರೆ. ಆ ಹೊತ್ತಿನ ಜಡಿಮಳೆಗೆ ಅಲ್ಲಿ ‘ಗೊಸಾರಿ ಮಳೆಗಾಲ’ ಎಂದೇ ಹೆಸರು, ಮಳೆ ಬಿಟ್ಟ ಬೆಳಗ್ಗೆ ಹೊಲಗಳಲ್ಲಿ ಗೊಸಾರಿ ಎದ್ದಿರುತ್ತದೆ. ಬಗ್ಗಿ ಒಂದನ್ನು ಮುರಿದರೆ ಮುಂದೆ ಇನ್ನೊಂದು ಕಾಣುತ್ತದೆ, ಅದರ ಮುಂದೆ ಮತ್ತೊಂದು. ತಲೆ ಎತ್ತುವಷ್ಟರಲ್ಲಿ ದಾರಿ ತಪ್ಪಿರುತ್ತದೆ. ಹೀಗೆ ಕಳೆದುಹೋದವರನ್ನು ಹುಡುಕುವುದು ಅಲ್ಲಿನ ಅಗ್ನಿಶಾಮಕ ದಳಕ್ಕೆ ಪ್ರತಿ ವರ್ಷದ ಕೆಲಸ. ಒಬ್ಬರೇ ಹೋಗಬೇಡಿ, ಮೊಬೈಲ್ ಚಾರ್ಜ್ ಮಾಡಿಕೊಂಡು ಹೋಗಿ ಎಂದು ಎಚ್ಚರಿಕೆ ಕೊಡುತ್ತಾರೆ. ಅಜ್ಜಿಯರು ಆದರೂ ಒಬ್ಬರೇ ಹೋಗುತ್ತಾರೆ. ಒಳ್ಳೆಯ ಗೊಸಾರಿ ಸಿಗುವ ಜಾಗವನ್ನು ಸೊಸೆಗೂ ಹೇಳಬಾರದು ಎಂಬುದು ಆ ದ್ವೀಪದ ಮಾತು.